ತೊಂಬತ್ತು ದಿನಗಳ ಮರ್ಯಾದೆ

ಹೊರದೇಶದ ಗ್ರಂಥಾಲಯವೊಂದರಲ್ಲಿ ಐದಾರು ದಿನ ಕುಳಿತು ಹಸ್ತಪ್ರತಿಗಳನ್ನು ನೋಡಿ ಬರಲು ಏನೇನು ಬೇಕು ಎಂದು ಸಂಶೋಧನ ವಿದ್ಯಾರ್ಥಿಗಳು ಆಗಾಗ ಕೇಳುವುದುಂಟು. ಲಿಪಿ ತಿಳಿದಿರಬೇಕು, ಭಾಷೆ ತಿಳಿದಿರಬೇಕು, ಸೂಚೀಪತ್ರದ ಕ್ರಮಸಂಖ್ಯೆ ಗೊತ್ತಿರಬೇಕು, ಗ್ರಂಥಪಾಲಕರಿಗೆ ಮುಂಚಿತವಾಗಿ ಪತ್ರ ಬರೆದಿರಬೇಕು ಎಂಬುದು ನಾವು ತರಗತಿಯಲ್ಲಿ ಕೊಡುವ ಉತ್ತರ. ಇವೆಲ್ಲಕ್ಕೂ ಮೊದಲು ಬೇಕಾದದ್ದು ವೀಸಾ. ಗ್ರಂಥಸಂಪಾದನಾಶಾಸ್ತ್ರವನ್ನು ಕುರಿತು ನಾನು ಓದಿದ ಪುಸ್ತಕಗಳಲ್ಲಿ ಆ ಮಾತೇ ಇಲ್ಲ. ಕಳೆದ ವರ್ಷ ಅಂತಹದೊಂದು ಕಿರುಪ್ರವಾಸಕ್ಕೆ ಸಿದ್ಧನಾಗುವಾಗ ಈ ವಿಷಯವನ್ನು ತುಸು ನಿಧಾನವಾಗಿ ಆಲೋಚಿಸುವ ಅವಕಾಶ ಒದಗಿತು.

ನಾನು ಹೋಗಬೇಕಾಗಿದ್ದುದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರಕ್ಕೆ. ಅಲ್ಲಿಯ ರಾಷ್ಟ್ರೀಯ ಮತ್ತು ವಿಶ್ವವಿದ್ಯಾಲಯ ಗ್ರಂಥಾಲಯದಲ್ಲಿ ಜೈನ ಹಸ್ತಪ್ರತಿಗಳ ಮುಖ್ಯ ಸಂಗ್ರಹವೊಂದಿದೆ. ಅದನ್ನು ಕೂಡಿಸಿದವನು ಅರ್ನ್ಸ್ಟ್ ಲಾಯ್ಮನ್ ಎಂಬ ಪ್ರಾಕೃತ ವಿದ್ವಾಂಸ. ಚಂದ್ರಭಾಲ ತ್ರಿಪಾಠಿಯವರು ಸಿದ್ಧಪಡಿಸಿದ ಆ ಸಂಗ್ರಹದ ಸೂಚೀಪತ್ರ 1975ರಲ್ಲಿ ಪ್ರಕಟವಾಯಿತು. ಈ ನಗರದ ಚರಿತ್ರೆಯೇ ಗಡಿಗಳನ್ನು ಕುರಿತ ಒಂದು ಪಾಠ. 1870ರ ಆಗಸ್ಟ್ ತಿಂಗಳಲ್ಲಿ ಪ್ರಷ್ಯನ್ ಪಡೆಗಳ ಮುತ್ತಿಗೆಯ ಕಾಲದಲ್ಲಿ ಅಲ್ಲಿಯ ಹಳೆಯ ಗ್ರಂಥಭಂಡಾರ ಸುಟ್ಟುಹೋಯಿತು. 1871ರಲ್ಲಿ ನಗರ ಜರ್ಮನಿಗೆ ಸೇರಿತು. ಹೊಸ ಗ್ರಂಥಾಲಯ ಹುಟ್ಟಿತು. ಲಾಯ್ಮನ್ ಅಲ್ಲಿ ಪ್ರಾಧ್ಯಾಪಕನಾದದ್ದು ಆ ಜರ್ಮನ್ ಆಳ್ವಿಕೆಯಲ್ಲಿ. ಮೊದಲ ಮಹಾಯುದ್ಧ ಮುಗಿದಾಗ ನಗರ ಮತ್ತೆ ಫ್ರಾನ್ಸಿನದಾಯಿತು. ಲಾಯ್ಮನ್ ರೈನ್ ನದಿಯನ್ನು ದಾಟಿ ಫ್ರೈಬುರ್ಗ್ ಸೇರಬೇಕಾಯಿತು. ಅವನು ಕೂಡಿಸಿದ ಹಸ್ತಪ್ರತಿಗಳು ಕಪಾಟಿನಲ್ಲಿ ಇದ್ದಲ್ಲೇ ಇದ್ದವು. ದೇಶವೇ ಅವುಗಳ ಸುತ್ತ ಬದಲಾಗಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ನಾಡಿನ ಹಸ್ತಪ್ರತಿಗಳು ಹಡಗೇರಿ ಹೋದ ಬಗೆಯನ್ನು ವಿದ್ಯಾರ್ಥಿಗಳು ಬಲ್ಲರು. ಬರ್ಲಿನ್ನಿನ ಸಂಗ್ರಹಕ್ಕೆ ಗೇಯೋರ್ಗ್ ಬ್ಯೂಲರನು ಪ್ರತಿಗಳನ್ನು ಕಳುಹಿಸಿದ. 1873-74ರ ಚಳಿಗಾಲದಲ್ಲಿ ಅವನೊಡನೆ ಹೆರ್ಮನ್ ಯಾಕೋಬಿ ಜೈಸಲ್ಮೇರಿನ ಭಂಡಾರದವರೆಗೂ ಪ್ರವಾಸ ಮಾಡಿದ. ವಸಾಹತು ಸರ್ಕಾರದ ಆಶ್ರಯವೇ ಅವರ ರಹದಾರಿಯಾಗಿತ್ತು. ಇದನ್ನು ದೂರಿನ ಧಾಟಿಯಲ್ಲಿ ಹೇಳುತ್ತಿಲ್ಲ. ಅವರ ಶ್ರಮದಿಂದ ಉಳಿದುಬಂದದ್ದು ಬಹಳವಿದೆ. ಆದರೆ ಓಲೆ ಹೋದ ದಾರಿಯಲ್ಲಿ ಓದುಗನು ಹೋಗಲಾರ ಎಂಬ ಸ್ಥಿತಿ ಇಂದಿನದು. ಅದನ್ನು ಗಮನಿಸದೆ ಇರಲಾಗದು.

ಈಗ ಆ ದಾರಿಯ ವಿವರ. ಫ್ರಾನ್ಸ್ ಸೇರಿ 29 ದೇಶಗಳು ಷೆಂಗೆನ್ ಎಂಬ ಒಂದೇ ಪ್ರವೇಶವಲಯವಾಗಿವೆ. ಲಕ್ಸೆಂಬರ್ಗಿನ ಷೆಂಗೆನ್ ಎಂಬ ಹಳ್ಳಿಯ ಬಳಿ, ಮೊಸೆಲ್ ನದಿಯ ಮೇಲೆ ನಿಂತಿದ್ದ ದೋಣಿಯೊಂದರಲ್ಲಿ, 1985ರ ಜೂನ್ 14ರಂದು ಐದು ದೇಶಗಳು ಸಹಿ ಹಾಕಿದ ಒಪ್ಪಂದದಿಂದ ಆ ಹೆಸರು ಬಂದಿತು. ಅಲ್ಪಾವಧಿಯ ವೀಸಾ ಪಡೆದವರು ಯಾವುದೇ 180 ದಿನಗಳ ಅವಧಿಯಲ್ಲಿ ಒಟ್ಟು 90 ದಿನಗಳಿಗೆ ಮೀರದಂತೆ ಆ ವಲಯದಲ್ಲಿ ಇರಬಹುದು. ಇದು ಪಂಚಾಂಗದ ಅರ್ಧವರ್ಷವಲ್ಲ. ಅಲ್ಲಿರುವ ಪ್ರತಿದಿನವೂ ಹಿಂದಿನ 180 ದಿನಗಳನ್ನು ಎಣಿಸಿ ನೋಡಬೇಕು. ಒಳಹೋದ ದಿನವೂ ಹೊರಬಂದ ದಿನವೂ ಲೆಕ್ಕಕ್ಕೆ ಸೇರುತ್ತವೆ. ವೀಸಾದಲ್ಲಿ ಅದಕ್ಕಿಂತ ಕಡಿಮೆ ದಿನ ನಮೂದಾಗಿದ್ದರೆ ಅಷ್ಟೇ ದಿನ. ಹಲವು ದೇಶಗಳಿಗೆ ಹೋಗುವವರು ಪ್ರಯಾಣದ ಮುಖ್ಯ ಗುರಿಯಾದ ದೇಶಕ್ಕೆ ಅರ್ಜಿ ಸಲ್ಲಿಸಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಹದಿನೈದು ದಿನಗಳಿಗಿಂತ ತಡಮಾಡಬಾರದು. ನಿರ್ಣಯಕ್ಕೆ ಸಾಮಾನ್ಯವಾಗಿ 15 ದಿನ, ವಿಶೇಷ ಸಂದರ್ಭಗಳಲ್ಲಿ 45 ದಿನಗಳವರೆಗೆ ಕಾಲಾವಕಾಶವಿದೆ.

ಪಾಸ್‌ಪೋರ್ಟು ಕಳೆದ ಹತ್ತು ವರ್ಷಗಳೊಳಗೆ ನೀಡಿದ್ದಾಗಿರಬೇಕು, ವಲಯವನ್ನು ಬಿಡುವ ದಿನದಿಂದ ಮುಂದೆ ಮೂರು ತಿಂಗಳಾದರೂ ಜೀವಂತವಿರಬೇಕು, ಎರಡು ಹಾಳೆಗಳು ಖಾಲಿಯಿರಬೇಕು. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಬೇಕು. ಅದರಲ್ಲಿ ತುರ್ತು ಚಿಕಿತ್ಸೆಯೊಂದಿಗೆ, ಮರಣ ಸಂಭವಿಸಿದರೆ ದೇಹವನ್ನು ಸ್ವದೇಶಕ್ಕೆ ತರುವ ವೆಚ್ಚವೂ ಅಡಕವಾಗಿರಬೇಕು. ವಯಸ್ಸಾದವರು ಈ ಕಲಮನ್ನು ಓದುವಾಗ ಒಂದು ಕ್ಷಣ ನಿಲ್ಲುವುದು ಸಹಜ. 2024ರ ಜೂನ್ 11ರಿಂದ ಶುಲ್ಕ 90 ಯೂರೋ. ಅರ್ಜಿ ತಿರಸ್ಕೃತವಾದರೆ ಅದು ಮರಳಿ ಬಾರದು. ಹತ್ತು ಬೆರಳುಗಳ ಅಚ್ಚನ್ನು ಕೊಡಬೇಕು. ಒಮ್ಮೆ ಕೊಟ್ಟದ್ದನ್ನು 59 ತಿಂಗಳೊಳಗಿನ ಮುಂದಿನ ಅರ್ಜಿಗಳಿಗೂ ಬಳಸಿಕೊಳ್ಳುತ್ತಾರೆ. ಇವುಗಳೊಡನೆ ಆಹ್ವಾನಪತ್ರ, ತಂಗುವ ಸ್ಥಳದ ಪುರಾವೆ, ಬ್ಯಾಂಕಿನ ಲೆಕ್ಕ, ಉದ್ಯೋಗದಾತರ ರಜಾಪತ್ರ. ಇಷ್ಟೆಲ್ಲ ಆದ ಮೇಲೂ ವೀಸಾ ಎಂಬುದು ಗಡಿಯ ಬಾಗಿಲವರೆಗೆ ಹೋಗಲು ಅನುಮತಿ ಮಾತ್ರ. ಒಳಗೆ ಬಿಡುವ ಕೊನೆಯ ತೀರ್ಮಾನ ಅಲ್ಲಿಯ ಅಧಿಕಾರಿಯದು.

ಇದನ್ನೆಲ್ಲ ಆಧುನಿಕ ಯುಗದ ಕಾಟವೆಂದು ತಿಳಿಯಬೇಕಾಗಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯಿದ್ದಾನೆ. ಒಂದು ಮಾಷಕ ಪಡೆದು ಮುದ್ರೆ ಕೊಡುವುದು ಅವನ ಕೆಲಸ. ಮುದ್ರೆಯಿದ್ದವನು ಮಾತ್ರ ಜನಪದವನ್ನು ಪ್ರವೇಶಿಸಬಹುದು, ಅಲ್ಲಿಂದ ಹೊರಡಬಹುದು. ಮುದ್ರೆಯಿಲ್ಲದ ನಾಡಿಗನಿಗೆ ಹನ್ನೆರಡು ಪಣ ದಂಡ. ಈ ಗ್ರಂಥದ ಓಲೆಪ್ರತಿಯನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿಗಳು. ಅದನ್ನು ನೋಡಲು ಫ್ರಾನ್ಸಿನ ವಿದ್ವಾಂಸರೊಬ್ಬರು ಮೈಸೂರಿಗೆ ಬರಬೇಕಾದರೂ ಭಾರತದ ವೀಸಾ ಪಡೆಯಲೇಬೇಕು. ಬಾಗಿಲು ಕಾಯುವುದು ಒಂದು ದಿಕ್ಕಿನವರ ಸ್ವಭಾವವಲ್ಲ. ಇಂದಿನ ಪಾಸ್‌ಪೋರ್ಟ್ ಪುಸ್ತಿಕೆಯ ಸಮಾನ ರೂಪವಂತೂ 1920ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ರಾಷ್ಟ್ರಸಂಘದ ಸಮ್ಮೇಳನದಿಂದ ಬಂದದ್ದು. ನಮ್ಮ ಸರ್ವೋಚ್ಚ ನ್ಯಾಯಾಲಯವು 1967ರಲ್ಲಿ ವಿದೇಶಪ್ರಯಾಣವು ವ್ಯಕ್ತಿಸ್ವಾತಂತ್ರ್ಯದ ಅಂಗವೆಂದು ತೀರ್ಪಿತ್ತಿತು. ಅದೇ ವರ್ಷ ಪಾಸ್‌ಪೋರ್ಟ್ ಕಾಯಿದೆ ಬಂದಿತು. ಹೊರಡುವ ಹಕ್ಕು ಹಾಗೆ ದೊರೆಯಿತು. ಇನ್ನೊಬ್ಬರ ನಾಡನ್ನು ಹೊಗುವ ಹಕ್ಕನ್ನು ಯಾವ ನ್ಯಾಯಾಲಯವೂ ನಮಗೆ ಕೊಡಲಾರದು. ಪ್ರಯಾಣದ ಅರ್ಧ ಮಾತ್ರ ನಮ್ಮ ಕೈಯಲ್ಲಿದೆ.

ಅರ್ಜಿಯ ನಮೂನೆಯನ್ನು ತುಂಬುತ್ತಿರುವಾಗ ನನಗೆ ನೆನಪಾದದ್ದು ಹಸ್ತಪ್ರತಿಗಳ ಕೊನೆಯಲ್ಲಿ ಬರುವ ಪುಷ್ಪಿಕೆ. ಬರೆದವನ ಹೆಸರು, ತಂದೆಯ ಹೆಸರು, ಊರು, ತಿಥಿ, ಯಾರ ಓದಿಗಾಗಿ ಬರೆಯಿತು, ಯಾವ ನಿಮಿತ್ತದಿಂದ ಬರೆಯಿತು ಎಂಬ ವಿವರಗಳನ್ನು ಲಿಪಿಕಾರರು ತಾವಾಗಿ ಹೇಳಿಕೊಳ್ಳುತ್ತಿದ್ದರು. ವೀಸಾ ನಮೂನೆಯೂ ಹೆಸರು, ಹುಟ್ಟಿದೂರು, ವೃತ್ತಿ, ಪ್ರಯಾಣದ ನಿಮಿತ್ತಗಳನ್ನೇ ಕೇಳುತ್ತದೆ. ಆದರೆ ಪುಷ್ಪಿಕೆ ಹೇಳುವುದು ಮುಗಿದ ಕೆಲಸವನ್ನು. ಅದನ್ನು ನಂಬುವುದೇ ಸಂಪ್ರದಾಯ. ನಮೂನೆ ಕೇಳುವುದು ಇನ್ನೂ ಆಗದ ಕೆಲಸವನ್ನು. ಅದನ್ನು ಸಂದೇಹಿಸುವುದೇ ಅಲ್ಲಿಯ ಕ್ರಮ. ಇಷ್ಟೊಂದು ಕಾಗದಗಳ ಹಿಂದಿರುವ ಪ್ರಶ್ನೆ ನೀನು ಯಾಕೆ ಬರುತ್ತೀಯೆ ಎಂಬುದಕ್ಕಿಂತ ಹೆಚ್ಚಾಗಿ, ನಿಶ್ಚಯವಾಗಿ ಹಿಂದಿರುಗುವೆಯಾ ಎಂಬುದು.

ಈ ಪ್ರಶ್ನೆಗೆ ಪಿಂಚಣಿ ಪಡೆಯುವ ನನ್ನಂಥವನು ಸುಲಭವಾಗಿ ಉತ್ತರಿಸಬಲ್ಲ. ಮನೆಯ ಪತ್ರವಿದೆ, ತಿಂಗಳ ಹಣ ಜಮೆಯಾದ ದಾಖಲೆಯಿದೆ. ನನಗೆ ವೀಸಾ ದೊರೆಯಿತು. ನನ್ನ ಬಳಿ ಹಳಗನ್ನಡ ಲಿಪಿಯನ್ನು ಕಲಿತ ಯುವತಿಯೊಬ್ಬರ ಕಥೆ ಬೇರೆ. ಅವರು ಪದವಿ ಕಾಲೇಜೊಂದರ ಅತಿಥಿ ಉಪನ್ಯಾಸಕಿ. ವರ್ಷದ ಎಲ್ಲ ತಿಂಗಳೂ ಕೆಲಸವಿಲ್ಲ. ಕೆಲಸವಿಲ್ಲದ ತಿಂಗಳಲ್ಲಿ ಗೌರವಧನವಿಲ್ಲ. ಯೂರೋಪಿನ ಒಂದು ವಿಚಾರಸಂಕಿರಣಕ್ಕೆ ಅವರ ಪ್ರಬಂಧ ಆಯ್ಕೆಯಾಗಿತ್ತು, ಆಹ್ವಾನವಿತ್ತು. ಸಂಕಿರಣ ರಜೆಯ ಕಾಲದಲ್ಲಿತ್ತು. ಆದ್ದರಿಂದ ರಜಾಪತ್ರ ಕೊಡಲು ಉದ್ಯೋಗದಾತರೇ ಇರಲಿಲ್ಲ. ಮುಂದಿನ ವರ್ಷ ಕೆಲಸವಿದೆ ಎಂದು ಬರೆದುಕೊಡುವವರೂ ಇರಲಿಲ್ಲ. ಬಂದ ಉತ್ತರ ಮುದ್ರಿತ ಹಾಳೆಯೊಂದರಲ್ಲಿ ಗುರುತು ಹಾಕಿದ ಒಂದು ಚೌಕ: ಅವಧಿ ಮುಗಿಯುವ ಮೊದಲು ಹಿಂದಿರುಗುವ ಉದ್ದೇಶದ ಬಗ್ಗೆ ಸಮಂಜಸವಾದ ಸಂದೇಹವಿದೆ. ಮೇಲ್ಮನವಿಯ ಹಕ್ಕಿದೆ ಎಂದೂ ಅದರಲ್ಲಿತ್ತು. ಅದರ ಇತ್ಯರ್ಥಕ್ಕೆ ಸಂಕಿರಣ ಕಾಯುವುದಿಲ್ಲ. ಅವರ ಪ್ರಬಂಧವನ್ನು ಬೇರೆಯವರು ಓದಿದರು. ಪ್ರಶ್ನೋತ್ತರಕ್ಕೆ ಅವರು ಗಣಕಯಂತ್ರದ ಪರದೆಯ ಮೇಲೆ ಕಾಣಿಸಿಕೊಂಡರು.

ಇಲ್ಲಿ ಹಳೆಯ ಶ್ರಾವಕಾಚಾರ ಗ್ರಂಥಗಳ ಒಂದು ವಿಷಯವನ್ನು ಹೇಳಬೇಕೆನಿಸುತ್ತದೆ. ಗೃಹಸ್ಥನು ತಾನು ಸಂಚರಿಸುವ ದಿಕ್ಕುಗಳಿಗೆ ತಾನೇ ಮಿತಿ ಹಾಕಿಕೊಳ್ಳುವುದು ದಿಗ್ವ್ರತ. ಆ ಮಿತಿಯೊಳಗೇ ಕಾಲವನ್ನು ಗೊತ್ತುಮಾಡಿಕೊಂಡು ಇನ್ನಷ್ಟು ಸಂಕೋಚಗೊಳಿಸುವುದು ದೇಶವ್ರತ. ಸಮುದ್ರ, ನದಿ, ಅಡವಿ, ಪರ್ವತ, ಜನಪದ, ಯೋಜನ ಇವುಗಳನ್ನು ಎಲ್ಲೆಯಾಗಿ ಹೇಳುವ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಬಳಸುವ ಪದ ಮರ್ಯಾದೆ. ಸಂಸ್ಕೃತದಲ್ಲಿ ಅದಕ್ಕೆ ಎಲ್ಲೆಯೆಂಬುದು ಮುಖ್ಯಾರ್ಥ. ಕನ್ನಡದಲ್ಲಿ ಅದು ಗೌರವವೂ ಆಗಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ದೇಶವ್ರತಕ್ಕೆ ಐದು ಅತಿಚಾರಗಳನ್ನು ಎಣಿಸುತ್ತದೆ. ಎಲ್ಲೆಯಾಚೆಯ ವಸ್ತುವನ್ನು ತರಿಸಿಕೊಳ್ಳುವುದು ಆನಯನ. ತಾನು ಹೋಗದೆ ಇನ್ನೊಬ್ಬನನ್ನು ಕಳುಹಿಸುವುದು ಪ್ರೇಷ್ಯಪ್ರಯೋಗ. ದನಿಯಿಂದ ಆಚೆಯವರಿಗೆ ಸೂಚನೆ ಕೊಡುವುದು ಶಬ್ದಾನುಪಾತ. ರೂಪವನ್ನು ತೋರಿ ತಿಳಿಸುವುದು ರೂಪಾನುಪಾತ. ಕಲ್ಲುಮಣ್ಣಿನ ಹೆಂಟೆಯನ್ನೆಸೆದು ಗಮನ ಸೆಳೆಯುವುದು ಪುದ್ಗಲಕ್ಷೇಪ. ತಾನಾಗಿ ಒಪ್ಪಿದ ಎಲ್ಲೆಯನ್ನು ಉಪಾಯದಿಂದ ಮೀರುವ ಮನಸ್ಸಿನ ಸೂಕ್ಷ್ಮ ಪರೀಕ್ಷೆ ಇದು.

ವೀಸಾ ಸಿಗದ ವಿದ್ವಾಂಸನ ಪಾಡನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಹಸ್ತಪ್ರತಿಯ ಛಾಯಾಚಿತ್ರ ತರಿಸಿಕೊಳ್ಳುತ್ತಾನೆ, ತನ್ನ ಪ್ರಬಂಧವನ್ನು ಬೇರೆಯವರಿಂದ ಓದಿಸುತ್ತಾನೆ, ದೂರದಿಂದ ದನಿ ಕೇಳಿಸುತ್ತಾನೆ, ಪರದೆಯ ಮೇಲೆ ಮುಖ ತೋರಿಸುತ್ತಾನೆ. ವ್ರತಿಗೆ ದೋಷವೆನಿಸಿದ್ದು ಇವನಿಗೆ ಉಳಿದಿರುವ ಏಕೈಕ ದಾರಿ. ವ್ರತದ ಎಲ್ಲೆಯನ್ನು ಎಳೆದುಕೊಂಡವನು ತಾನೇ. ಅದರಿಂದ ಅವನ ಮರ್ಯಾದೆ ಹೆಚ್ಚುತ್ತದೆ. ಇನ್ನೊಬ್ಬರು ಎಳೆದ ಎಲ್ಲೆಯೊಳಗೆ ನಿಂತವನಿಗೆ ಮಿತಿ ಇದೆ, ಗೌರವ ತಾನಾಗಿ ಬರುವುದಿಲ್ಲ. ಒಂದೇ ಪದದ ಎರಡು ಅರ್ಥಗಳು ಇಲ್ಲಿ ಬೇರ್ಪಡುತ್ತವೆ.

ಛಾಯಾಚಿತ್ರಗಳಿರುವಾಗ ಹೋಗಲೇಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದು. ಪಾಠಸಂಗ್ರಹಕ್ಕೆ ಅನೇಕ ವೇಳೆ ಹೋಗಬೇಕಾಗಿಲ್ಲ. ಆದರೆ ಕಾಗದವನ್ನು ಬೆಳಕಿಗೆ ಹಿಡಿದಾಗ ಕಾಣುವ ಜಲಚಿಹ್ನೆ, ಒಂದೇ ಶಾಯಿ ಎರಡು ದಿನಗಳಲ್ಲಿ ಹರಿದ ಬಗೆ, ಕೆರೆದು ತಿದ್ದಿದ ಅಕ್ಷರದ ಒರಟು, ಓಲೆಯ ದಾರದ ರಂಧ್ರ ಸವೆದ ಕಡೆ, ಚಿತ್ರ ತೆಗೆಯುವವರು ಖಾಲಿಯೆಂದು ಬಿಟ್ಟ ರಕ್ಷಾಪತ್ರದ ಮೇಲಿನ ಒಂದು ಸಾಲು ಇವು ಕಣ್ಣು ಮತ್ತು ಬೆರಳು ಜೊತೆಯಾಗಿ ಓದಬೇಕಾದವು. ವೀಸಾ ಅರ್ಜಿಯೊಡನೆ ಸಲ್ಲಿಸುವ ವಿವರಣಾಪತ್ರದಲ್ಲಿ ನಾನು ಬರೆದದ್ದು ಇಷ್ಟನ್ನೇ: ಯಾವ ಕ್ರಮಸಂಖ್ಯೆಯ ಪ್ರತಿ, ಅದರಲ್ಲಿ ಛಾಯಾಚಿತ್ರದಿಂದ ತಿಳಿಯದ ಯಾವ ಸಂಗತಿ, ಅದಕ್ಕೆ ಎಷ್ಟು ದಿನ. ಒಂದು ಪುಟ ಮೀರಲಿಲ್ಲ.

ಆ ಒಂದು ಪುಟ ಬರೆಯಲು ನನಗೆ ಒಂದು ವಾರ ಹಿಡಿಯಿತು. ಅಧಿಕಾರಿಯು ಅದನ್ನು ಎಷ್ಟು ಮನಸ್ಸಿಟ್ಟು ಓದಿದರೋ ಹೇಳಲಾರೆ. ನನ್ನ ಕೆಲಸಕ್ಕೆ ಮಾತ್ರ ಅದರಿಂದ ಸ್ಪಷ್ಟತೆ ಬಂದಿತು. ವಿದ್ಯಾರ್ಥಿಗಳಿಗೆ ಹೇಳುವುದಿದ್ದರೆ ಇದನ್ನೇ ಹೇಳುತ್ತೇನೆ: ನಮೂನೆಯನ್ನು ತೆರೆಯುವ ಮೊದಲು ಆ ಪುಟವನ್ನು ಬರೆಯಿರಿ. ಬರೆಯಲಾಗದಿದ್ದರೆ ಛಾಯಾಚಿತ್ರಗಳು ಸಾಕು, 90 ಯೂರೋ ಉಳಿಯುತ್ತದೆ. ಅದು ನಮ್ಮ ಎಲ್ಲೆಯನ್ನು ನಾವೇ ಎಳೆದುಕೊಳ್ಳುವ ಬಗೆ.

ಇನ್ನೊಂದು ಮಾತು ವಿಶ್ವವಿದ್ಯಾಲಯಗಳಿಗೂ ಕಾಲೇಜುಗಳಿಗೂ ಸಲ್ಲಬೇಕಾದದ್ದು. ವಿದೇಶದ ಕಾಯಿದೆಯನ್ನು ನಾವು ತಿದ್ದಲಾರೆವು. ನಮ್ಮ ಅತಿಥಿ ಉಪನ್ಯಾಸಕರು ರಜೆಯ ತಿಂಗಳಲ್ಲಿಯೂ ನಮ್ಮವರೇ, ಮರಳಿ ಬಂದು ಪಾಠ ಹೇಳುವವರೇ ಎಂದು ಸಹಿ ಮಾಡಿ ಕೊಡುವ ಒಂದು ಪತ್ರ ನಮ್ಮ ಕೈಯಳತೆಯಲ್ಲಿದೆ. ಸಂದೇಹದ ಚೌಕದಲ್ಲಿ ಗುರುತು ಬೀಳುವ ಮುನ್ನವೇ ಅವರಿಗೆ ನೆಲೆಯಿಲ್ಲವೆಂದು ಬರೆದವರು ನಾವು. ಆ ಯುವತಿ ಈ ವರ್ಷ ಮತ್ತೊಂದು ಆಹ್ವಾನಕ್ಕೆ ಅರ್ಜಿ ಸಿದ್ಧಪಡಿಸುತ್ತಿದ್ದಾರೆ. ಅವರ ವಿವರಣಾಪತ್ರವನ್ನು ಓದಿದೆ, ಒಂದಕ್ಷರ ತಿದ್ದಬೇಕಾಗಿರಲಿಲ್ಲ. ಅದರ ಜೊತೆಗಿಡಬೇಕಾದ ರಜಾಪತ್ರಕ್ಕಾಗಿ ಇನ್ನೂ ಕಾಯುತ್ತಿದ್ದಾರೆ.