ಗುಂಡ್ಲುಪೇಟೆಯಿಂದ ಗಾಜನೂರಿಗೆ

ಆಷಾಢ ಮಾಸದಲ್ಲಿ ಗುಂಡ್ಲುಪೇಟೆಯ ಸೀಮೆಯನ್ನು ಕಂಡವರಿಗೆ ಅದರ ಚೆಲುವನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಊಟಿಯ ರಸ್ತೆಯ ಎರಡೂ ಬದಿಗೆ ಸೂರ್ಯಕಾಂತಿ ಅರಳಿ ನಿಂತಿರುತ್ತದೆ. ಅದರಾಚೆ ಚೆಂಡುಹೂವಿನ ಹೊಲಗಳು. ಇನ್ನೂ ಆಚೆಗೆ ಮಂಜು ಹೊದ್ದ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಕೇರಳದ ಕಡೆಯಿಂದ ಬರುವ ಪ್ರಯಾಣಿಕರು ವಾಹನಗಳನ್ನು ನಿಲ್ಲಿಸಿ ಹೂವಿನ ನಡುವೆ ನಿಂತು ಭಾವಚಿತ್ರ ತೆಗೆಸಿಕೊಳ್ಳುವುದು ಈಗ ನಿತ್ಯದ ನೋಟವಾಗಿದೆ. ಈ ಸೀಮೆಯ ಒಂದು ಹಳ್ಳಿಯೇ ನನ್ನ ಹುಟ್ಟೂರು. ಬಾಲ್ಯದಲ್ಲಿ ಮಠದ ಪಾಠಶಾಲೆಗೆ ಸೇರಿದ ಮೇಲೆ ಊರಿಗೂ ನನಗೂ ಅತಿಥಿಯ ಸಂಬಂಧ ಮಾತ್ರ ಉಳಿಯಿತು.

ಈ ಆಷಾಢದಲ್ಲಿ ಊರಿಗೆ ಹೋಗಿದ್ದಾಗ ಹದಿನಾಲ್ಕು ವರ್ಷದ ನನ್ನ ಮೊಮ್ಮಗ ಜೊತೆಗಿದ್ದ. ಅವನು ಧರಿಸಿದ್ದ ಅಂಗಿಯ ಮೇಲೆ ನಟ ಪುನೀತ್ ರಾಜ್‌ಕುಮಾರ್ ಅವರ ಚಿತ್ರವಿತ್ತು. "ತಾತ, ಇಲ್ಲಿಂದ ಗಾಜನೂರು ದೂರವಿಲ್ಲವಂತೆ. ಒಂದು ಸಾರಿ ಹೋಗಿ ಬರೋಣವೇ?" ಎಂದು ಕೇಳಿದ. ವ್ಯಾಕರಣ, ಛಂದಸ್ಸು, ಪುರಾಣಗಳಲ್ಲಿ ಆಯುಷ್ಯ ಕಳೆದ ನಾನು ಒಬ್ಬ ಸಿನಿಮಾ ನಟರ ಹುಟ್ಟೂರಿಗೆ ಯಾತ್ರೆ ಹೊರಡುವುದೇ ಎಂದು ಮೊದಲು ಹಿಂಜರಿದೆ. ಆದರೆ ಆ ಊರಿನ ಹೆಸರು ಕೇಳಿದೊಡನೆ ನನ್ನ ತಾಯಿಯ ನೆನಪಾಯಿತು. ಹೊರಡಲು ಒಪ್ಪಿದೆ.

ಒಂದು ಭಾನುವಾರ ಬೆಳಿಗ್ಗೆ ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿ, ತೆರಕಣಾಂಬಿಯ ಮೇಲೆ ಹಾದು ಚಾಮರಾಜನಗರ ಸೇರಿದೆವು. ಹಿಂದೆ ಅರಿಕುಠಾರವೆಂದು ಕರೆಯುತ್ತಿದ್ದ ಈ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ತಮ್ಮ ತಂದೆಯ ಹೆಸರನ್ನಿಟ್ಟರು. ಮುಂದೆ 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಆಷಾಢದಲ್ಲಿ ತವರು ಸೇರಿದ ನವವಧುಗಳು ಗಂಡಂದಿರೊಡನೆ ಬಂದು ತೇರಿಗೆ ಹಣ್ಣು-ಜವನ ಎಸೆಯುವುದು ಇಲ್ಲಿಯ ವಿಶೇಷ. ನಾವು ಹೋದಾಗ ತೇರು ಮುಗಿದು ಕೆಲವೇ ದಿನಗಳಾಗಿದ್ದವು. ದೇವರ ದರ್ಶನ ಮಾಡಿಸಿ, ಹತ್ತಿರದ ಹರದನಹಳ್ಳಿಯ ವಿಚಾರವನ್ನು ಹುಡುಗನಿಗೆ ಹೇಳಿದೆ. ಗೋಸಲ ಚನ್ನಬಸವೇಶ್ವರರ ಪೀಠವಿದ್ದ, ಅವರ ಶಿಷ್ಯರಾದ ತೋಂಟದ ಸಿದ್ಧಲಿಂಗ ಯತಿಗಳನ್ನು ರೂಪಿಸಿದ ಊರದು. ಹುಡುಗ ಗೌರವದಿಂದಲೇ ಕೇಳಿಸಿಕೊಂಡ; ಆದರೆ ಅವನ ಕಣ್ಣು ರಸ್ತೆಯಾಚೆಯ ಗೋಡೆಯ ಮೇಲಿನ ಪುನೀತ್ ಚಿತ್ರದಲ್ಲಿತ್ತು. ಅದನ್ನು ಕಂಡು ನನಗೆ ಬೇಸರವಾಗಲಿಲ್ಲವೆಂದರೆ ಸುಳ್ಳಾದೀತು.

ಚಾಮರಾಜನಗರದಿಂದ ಬಸ್ಸು ಬದಲಿಸಿ ತೆಂಕಣಕ್ಕೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ರಾಜ್ಯದ ಗಡಿ ದಾಟುತ್ತೇವೆ. ಅಂಗಡಿಗಳ ಫಲಕದಲ್ಲಿ ತಮಿಳು ಲಿಪಿ ಕಾಣಿಸುತ್ತದೆ. ಅಂಗಡಿಯ ಒಳಗಿನ ಮಾತು ಮಾತ್ರ ಅಚ್ಚ ಕನ್ನಡ. ಹಿಂದೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ತಾಳವಾಡಿ ಸೀಮೆ ಇಂದು ಈರೋಡು ಜಿಲ್ಲೆಯಲ್ಲಿದೆ. ಅರಿಸಿನ, ಬಾಳೆ, ರಾಗಿಯ ಹೊಲಗಳಿಗೆ ಗಡಿಯ ಅರಿವಿಲ್ಲ. ಮಾದಪ್ಪನ ಹೆಸರು ಹೇಳಿ ಕೈ ಮುಗಿಯುವ ಒಕ್ಕಲುಗಳು ಗಡಿಯ ಎರಡೂ ಬದಿಗಿದ್ದಾರೆ.

ಈ ತಾಳವಾಡಿ ಸೀಮೆಯ ದೊಡ್ಡ ಗಾಜನೂರಿನಲ್ಲಿ 1929ರ ಏಪ್ರಿಲ್ 24ರಂದು ಮುತ್ತುರಾಜ ಎಂಬ ಮಗು ಹುಟ್ಟಿತು. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ರಂಗಭೂಮಿಯ ನಟರು. ಬಡತನದ ಕಾರಣ ಪ್ರಾಥಮಿಕ ಶಾಲೆಯನ್ನೂ ಮುಗಿಸದ ಆ ಬಾಲಕ ತಂದೆಯ ಬೆನ್ನು ಹಿಡಿದು ಗುಬ್ಬಿ ವೀರಣ್ಣನವರ ನಾಟಕ ಕಂಪನಿಯನ್ನು ಸೇರಿದ. ಶುದ್ಧವಾಗಿ ಮಾತನಾಡುವುದನ್ನು, ಹಾಡುವುದನ್ನು, ಹಿರಿಯರ ಮುಂದೆ ತಗ್ಗಿ ನಡೆಯುವುದನ್ನು ಅಲ್ಲಿ ಕಲಿತ. 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರು ನಿರ್ದೇಶಿಸಿದ 'ಬೇಡರ ಕಣ್ಣಪ್ಪ' ಚಿತ್ರದ ನಾಯಕನಾಗಿ, ರಾಜ್‌ಕುಮಾರ್ ಎಂಬ ಹೊಸ ಹೆಸರಿನಲ್ಲಿ ನಾಡಿಗೆ ಪರಿಚಿತನಾದ. ಮುಂದೆ ಇನ್ನೂರಕ್ಕೂ ಹೆಚ್ಚು ಚಿತ್ರಗಳು, 1983ರಲ್ಲಿ ಪದ್ಮಭೂಷಣ, 1995ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ. ಇವೆಲ್ಲ ಎಲ್ಲರೂ ಬಲ್ಲ ಸಂಗತಿಗಳು.

ನಾನು 'ಬೇಡರ ಕಣ್ಣಪ್ಪ'ನನ್ನು ನೋಡಿದ್ದು ಚಿತ್ರ ತೆರೆಕಂಡ ಎಷ್ಟೋ ವರ್ಷಗಳ ಮೇಲೆ, ನಮ್ಮೂರ ಹತ್ತಿರದ ಟೆಂಟಿನಲ್ಲಿ. ಆಗ ನನಗೆ ಎಂಟು ವರ್ಷವಿರಬಹುದು. ಹಗಲಲ್ಲಿ ಎತ್ತಿನ ಗಾಡಿಗೆ ಚಿತ್ರಪಟ ಕಟ್ಟಿಕೊಂಡು ತಮಟೆ ಬಾರಿಸುತ್ತ ಬಂದು ಕರಪತ್ರ ಎಸೆದು ಹೋಗುತ್ತಿದ್ದರು. ಇಳಿಹೊತ್ತಿಗೆ ಟೆಂಟಿನ ಧ್ವನಿವರ್ಧಕದಲ್ಲಿ ತಿಮ್ಮಪ್ಪನ ಸ್ತುತಿಯ ಹಾಡು ಕೇಳಿಸಿದರೆ ಆಟ ಶುರುವಾಗುವ ಹೊತ್ತಾಯಿತೆಂದು ಅರ್ಥ. ನನ್ನ ಅವ್ವ ಹಟ್ಟಿ ಕೆಲಸ ಮುಗಿಸಿ, ಹಣೆಗೆ ವಿಭೂತಿ ಧರಿಸಿ, ನನ್ನ ಕೈ ಹಿಡಿದು ನಡೆದಳು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಎಲ್ಲರಿಗೂ ಮರಳೇ ಆಸನ. ಒಂದೇ ಯಂತ್ರವಿದ್ದುದರಿಂದ ಸುರುಳಿ ಬದಲಿಸುವಾಗಲೆಲ್ಲ ಆಟ ನಿಲ್ಲುತ್ತಿತ್ತು. ಆಗ ಅವ್ವ ಸೆರಗಿನ ಗಂಟಿನಿಂದ ಹುರಿಗಡಲೆ ತೆಗೆದುಕೊಡುತ್ತಿದ್ದಳು.

ಲಿಂಗದ ಕಣ್ಣಿನಲ್ಲಿ ನೆತ್ತರು ಸುರಿಯಿತು. ಬೇಡ ತನ್ನ ಒಂದು ಕಣ್ಣನ್ನು ಕಿತ್ತಿಟ್ಟ. ಇನ್ನೊಂದು ಕಣ್ಣಿನಲ್ಲೂ ನೆತ್ತರು ಕಂಡಾಗ, ಗುರುತು ತಪ್ಪದಿರಲೆಂದು ಅಲ್ಲಿಗೆ ಕಾಲನ್ನು ಒತ್ತಿ ಹಿಡಿದ. ನಾನು ಬೆದರಿ, "ಅವ್ವಾ, ದೇವರ ಮ್ಯಾಲೆ ಕಾಲಿಡಬೌದಾ?" ಎಂದೆ. ಕಣ್ಣೀರು ಒರೆಸಿಕೊಳ್ಳುತ್ತಲೇ ಅವಳು, "ಕಣ್ಣು ಕೊಡೋನ ಹತ್ರ ಕಾಲಿನ ಲೆಕ್ಕ ಕೇಳ್ತಾರಾ ಮಗ?" ಎಂದಳು.

ಮುಂದೆ ಮಠದಲ್ಲಿ ಹರಿಹರನ ರಗಳೆಗಳನ್ನು ಓದಿದೆ. ಅರವತ್ಮೂರು ಪುರಾತನರ ಚರಿತೆಯನ್ನು ಕಂಠಪಾಠ ಮಾಡಿದೆ. ಹದಿನೆಂಟರ ವಯಸ್ಸಿನಲ್ಲಿ ರಜೆಗೆ ಊರಿಗೆ ಬಂದಾಗ, ಒಂದು ಸಂಜೆ ಅವ್ವ ಜಗಲಿಯ ಮೇಲೆ ಕೇರಿಯ ಮಕ್ಕಳಿಗೆ ಕಣ್ಣಪ್ಪನ ಕಥೆ ಹೇಳುತ್ತಿದ್ದಳು. ಸಿನಿಮಾದಲ್ಲಿ ಕಂಡಂತೆಯೇ ಕಣ್ಣಪ್ಪನ ಹೆಂಡತಿ ನೀಲಾ, ಅವರ ಸಂಸಾರದ ಕಷ್ಟ, ಅವರು ಹೊತ್ತ ಅಪವಾದ ಎಲ್ಲವೂ ಆ ಕಥೆಯಲ್ಲಿದ್ದವು. ನಾನು ನಡುವೆ ಬಾಯಿ ಹಾಕಿ, "ಅವ್ವಾ, ಇದೆಲ್ಲ ನಾಟಕದವರು ಸೇರಿಸಿದ್ದು. ಕಾವ್ಯದಲ್ಲಿ ಹೀಗಿಲ್ಲ. ಮಕ್ಕಳಿಗೆ ತಪ್ಪು ಹೇಳಬೇಡ" ಎಂದೆ. ಅವಳು ಸಿಟ್ಟಾಗಲಿಲ್ಲ. "ಹಂಗಾ ಮಗ? ನನಗೇನು ಗೊತ್ತು, ನೀನು ಓದಿದೋನು" ಎಂದು ಎದ್ದು ದೀಪ ಹಚ್ಚಲು ಒಳಗೆ ಹೋದಳು. ಆ ಮೇಲೆ ಅವಳು ಜಗಲಿಯ ಮೇಲೆ ಕಥೆ ಹೇಳಿದ್ದನ್ನು ನಾನು ಕಾಣಲಿಲ್ಲ. ಅಕ್ಷರ ಬಾರದ ಒಬ್ಬ ತಾಯಿಗೆ ಪುರಾತನರ ಸ್ಮರಣೆಯ ಒಂದೇ ಬಾಗಿಲಾಗಿದ್ದುದನ್ನು ನನ್ನ ಪಾಂಡಿತ್ಯ ಮುಚ್ಚಿಬಿಟ್ಟಿತು.

ರಾಜ್‌ಕುಮಾರ್ 2006ರ ಏಪ್ರಿಲ್ 12ರಂದು ತೀರಿಕೊಂಡರು. ಬೆಂಗಳೂರಿನ ಬೀದಿಗಳಲ್ಲಿ ಗಲಭೆಯಾಗಿ ಜೀವಹಾನಿಯೂ ಆಯಿತು. ಅಭಿಮಾನ ಅಂಧವಾದರೆ ಏನಾಗುತ್ತದೆಂಬುದಕ್ಕೆ ಅದೊಂದು ನೋವಿನ ನಿದರ್ಶನ. ಆದರೆ ಅದೇ ದಿನ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 1994ರಲ್ಲಿ ಅವರ ಹೆಸರಿನಲ್ಲಿ ನೇತ್ರ ಬ್ಯಾಂಕ್ ಆರಂಭವಾದಾಗಲೇ ಅವರು ಆ ಮಾತು ಕೊಟ್ಟಿದ್ದರು. ತೆರೆಯ ಮೇಲೆ ಕಣ್ಣು ಕೊಟ್ಟವರು ತೆರೆಯ ಹೊರಗೂ ಕೊಟ್ಟು ಹೋದರು. ರೇಡಿಯೋದಲ್ಲಿ ಈ ಸುದ್ದಿ ಕೇಳಿದ ಅವ್ವ ನನ್ನ ತಂಗಿಗೆ, "ನಂದೂ ಹಂಗೇ ಕೊಟ್ಟುಬಿಡ್ರವ್ವ" ಎಂದು ಹೇಳಿದ್ದಳು.

ಮೂರು ವರ್ಷಗಳ ತರುವಾಯ ಅವ್ವ ಲಿಂಗೈಕ್ಯಳಾದಳು. ತಂಗಿ ಅವಳ ಮಾತನ್ನು ನೆನಪಿಸಿದಳು. ಬಂಧುಗಳಲ್ಲಿ ಒಬ್ಬ ಹಿರಿಯರು, "ಸಮಾಧಿಯಲ್ಲಿ ಅಂಗೈಯ ಲಿಂಗವನ್ನು ನೋಡುವ ಕಣ್ಣನ್ನೇ ಕೊಟ್ಟುಬಿಡುವುದೇ?" ಎಂದರು. ಇನ್ನೊಬ್ಬರು, "ಪೊರೆ ತೆಗೆಸಿದ ಕಣ್ಣು ಯಾರಿಗೂ ಬರುವುದಿಲ್ಲ" ಎಂದರು. ಎಲ್ಲರೂ ನನ್ನ ಮುಖ ನೋಡಿದರು. ಓದಿದವನು ನಾನು. ನಾನಾದರೋ ಶಾಸ್ತ್ರದ ಆಧಾರವೇನಿದೆಯೆಂದು ಮನಸ್ಸಿನಲ್ಲೇ ಪುಟ ತಿರುವುತ್ತ ಕುಳಿತೆ. ಹೌದೆನ್ನಲೂ ಇಲ್ಲ, ಬೇಡವೆನ್ನಲೂ ಇಲ್ಲ. ಹೊತ್ತು ಮೀರಿತು. ಅವ್ವನನ್ನು ಅವಳ ಕಣ್ಣುಗಳೊಂದಿಗೇ ಮಣ್ಣಿಗಿಟ್ಟೆವು. ಮೊದಲು ಅವಳ ಕಥೆಯನ್ನು ನಿಲ್ಲಿಸಿದವನು, ಕೊನೆಗೆ ಅವಳ ದಾನವನ್ನೂ ನಿಲ್ಲಿಸಿದೆ.

ಗಾಜನೂರಿನಲ್ಲಿ ಬಸ್ಸಿಳಿದಾಗ ಮರದಡಿ ಕುಳಿತಿದ್ದ ಒಬ್ಬ ಮುದುಕರು ನನ್ನ ಹಣೆಯ ವಿಭೂತಿಯನ್ನು ಕಂಡು, "ಎಲ್ಲಿಂದ ಬಂದ್ರಿ ಬುದ್ಧಿ?" ಎಂದು ಕೇಳಿದರು. ಹುಡುಗನ ಅಂಗಿ ನೋಡಿದ ಮೇಲೆ, ಬಂದ ಕಾರಣವನ್ನು ಅವರು ಕೇಳಲಿಲ್ಲ, ದಾರಿ ತೋರಿಸಿದರು. ನಾಡಿನ ಕಣ್ಮಣಿಯಾದವರು ಬಿಡುವು ಸಿಕ್ಕಾಗಲೆಲ್ಲ ಮರಳಿ ಬರುತ್ತಿದ್ದುದು ಈ ಊರಿಗೇ. ವೀರಪ್ಪನ್ 2000ದ ಜುಲೈ 30ರ ರಾತ್ರಿ ಅವರನ್ನು ಅಪಹರಿಸಿದ್ದೂ ಇಲ್ಲಿಯ ತೋಟದ ಮನೆಯಿಂದಲೇ. ನವೆಂಬರ್ 15ರಂದು ಬಿಡುಗಡೆಯಾಗುವವರೆಗೆ 108 ದಿನ ನಾಡಿಗೆ ನಾಡೇ ತಳಮಳಿಸಿತು. ಸುತ್ತಣ ಹೊಲಗಳನ್ನು, ದೂರದ ಕಾಡಿನ ಸಾಲನ್ನು ನೋಡುತ್ತ ನಿಂತಾಗ ನನಗೆ ಬೆಡಗಿನದೇನೂ ಕಾಣಲಿಲ್ಲ. ನಮ್ಮೂರಿನಂಥದೇ ಊರು, ನಮ್ಮಂಥದೇ ಜನ.

ಮೊಮ್ಮಗ ಒಂದು ಪ್ರಶ್ನೆ ಕೇಳಿದ: "ತಾತ, ನಾನು ಅಪ್ಪು ಅಭಿಮಾನಿ ಅಂದರೆ ನಿಮಗೆ ಬೇಸರವೇ?" ಅಭಿಮಾನವೂ ಭಕ್ತಿಯೂ ಒಂದೆಯೇ ಎಂಬುದು ದಾರಿಯುದ್ದಕ್ಕೂ ನನ್ನ ಮನಸ್ಸಿನಲ್ಲಿದ್ದ ಪ್ರಶ್ನೆಯೂ ಹೌದು. ನಟರ ಕಟೌಟಿಗೆ ಕೊಡಗಟ್ಟಲೆ ಹಾಲು ಸುರಿಯುವುದನ್ನು ನಾನು ಒಪ್ಪಲಾರೆ. ಕಲ್ಲಿಗೆ ಹಾಲೆರೆದು ಹಸಿದವರನ್ನು ಮರೆಯುವುದನ್ನು ಪ್ರಶ್ನಿಸಿದ ಶರಣರ ನಾಡಿನಲ್ಲಿ ಬಟ್ಟೆಯ ಚಿತ್ರಕ್ಕೆ ಹಾಲೆರೆಯುವುದು ವಿಪರೀತವಲ್ಲವೇ? ಆದರೆ ರಾಜ್‌ಕುಮಾರ್ ಅವರು ತಮ್ಮ ಪ್ರೇಕ್ಷಕರನ್ನು 'ಅಭಿಮಾನಿ ದೇವರುಗಳು' ಎಂದು ಕರೆದರು. ಪೂಜೆಗೊಳ್ಳುವವನೇ ಪೂಜಿಸುವವರನ್ನು ದೇವರೆಂದು ಭಾವಿಸಿ ತಾನು ಕಿರಿಯನಾಗಿ ನಿಂತ ಆ ವಿನಯ ನಮ್ಮ ಪರಂಪರೆಗೆ ಹೊರಗಿನದೆಂದು ನಾನು ಹೇಗೆ ಹೇಳಲಿ? ಭಕ್ತಿಗೂ ಅಭಿಮಾನಕ್ಕೂ ಒರೆಗಲ್ಲು ಒಂದೇ: ಮೆಚ್ಚಿದವರ ಗುಣ ಮೆಚ್ಚಿದವನ ನಡೆಯಲ್ಲಿ ಇಳಿಯಿತೇ ಎಂಬುದು. ಇಳಿಯದಿದ್ದರೆ ಗುಡಿಯಲ್ಲಿನ ಘಂಟೆಯೂ ಟೆಂಟಿನೊಳಗಿನ ಸಿಳ್ಳೆಯೂ ಬರಿಯ ಸದ್ದು.

1988ರ 'ಶಿವ ಮೆಚ್ಚಿದ ಕಣ್ಣಪ್ಪ' ಚಿತ್ರದಲ್ಲಿ ಬಾಲಕ ಕಣ್ಣಪ್ಪನಾಗಿ ನಟಿಸಿದವರು ಪುನೀತ್. ಅಣ್ಣ ಶಿವರಾಜ್‌ಕುಮಾರ್ ಬೆಳೆದ ಕಣ್ಣಪ್ಪ. ತಂದೆ ರಾಜ್‌ಕುಮಾರ್ ಶಿವ. ಆ ಬಾಲಕ ದೊಡ್ಡವನಾಗಿ 2021ರ ಅಕ್ಟೋಬರ್ 29ರಂದು ನಲವತ್ತಾರರ ವಯಸ್ಸಿನಲ್ಲಿ ಅಗಲಿದಾಗ ಅವರ ಕಣ್ಣುಗಳನ್ನೂ ದಾನ ಮಾಡಲಾಯಿತು. ವೈದ್ಯರು ಕಾರ್ನಿಯಾ ಪದರಗಳನ್ನು ಬೇರ್ಪಡಿಸಿ ನಾಲ್ವರಿಗೆ ದೃಷ್ಟಿ ಕೊಟ್ಟರು. ಅದನ್ನು ಕಂಡು ಸಾವಿರಾರು ಜನ ನೇತ್ರದಾನಕ್ಕೆ ಹೆಸರು ಬರೆಸಿದರು. ಹಾಲು ಸುರಿಯುವುದಕ್ಕೂ ಹೆಸರು ಬರೆಸುವುದಕ್ಕೂ ಇರುವ ಅಂತರವೇ ಬರಿಯ ಅಭಿಮಾನಕ್ಕೂ ಭಕ್ತಿಗೂ ಇರುವ ಅಂತರವೆಂದು ಹುಡುಗನಿಗೆ ಹೇಳಿದೆ.

"ಹಾಗಾದರೆ ನೀವು ಬರೆಸಿದ್ದೀರಾ ತಾತ?" ಎಂದ. ನಾನು ತಲೆ ತಗ್ಗಿಸಿದೆ. ಅವ್ವನ ಸಂಗತಿಯನ್ನು ನಾನು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದ್ದು ಅಲ್ಲಿ, ಆ ಮರದ ನೆರಳಿನಲ್ಲಿ. ಅವನು ಬಹಳ ಹೊತ್ತು ಸುಮ್ಮನಿದ್ದು, "ಅಜ್ಜಿ ಹೇಳ್ತಿದ್ದ ಕಣ್ಣಪ್ಪನ ಕಥೆ ನಿಮಗೆ ಗೊತ್ತಲ್ಲ. ಹೇಳಿ" ಎಂದ. ನಾನು ಹೇಳಿದೆ. ಹರಿಹರನ ಕಥೆಯನ್ನಲ್ಲ, ನೀಲಾ ಇರುವ, ಅಪವಾದ ಇರುವ, ಹುರಿಗಡಲೆಯ ವಾಸನೆ ಇರುವ ಅವ್ವನ ಕಥೆಯನ್ನೇ ಹೇಳಿದೆ.

ಓದುಗ ಬಂಧುಗಳು ನನ್ನಂತೆ ಹೊತ್ತು ಮೀರಿಸಬಾರದೆಂದು ಕೆಲವು ಮಾತುಗಳನ್ನು ಇಲ್ಲಿ ಅರಿಕೆ ಮಾಡುತ್ತೇನೆ. ಮರಣಾನಂತರ ಸುಮಾರು 6 ಗಂಟೆಗಳೊಳಗೆ ಕಣ್ಣುಗಳನ್ನು ಪಡೆಯಬೇಕಾಗುತ್ತದೆ. ಆದ್ದರಿಂದ ನೇತ್ರ ಬ್ಯಾಂಕಿಗೆ ಕೂಡಲೇ ತಿಳಿಸಬೇಕು. ಅವರೇ ಮನೆಗೆ ಬರುತ್ತಾರೆ. ಅಲ್ಲಿಯವರೆಗೆ ರೆಪ್ಪೆಗಳನ್ನು ಮುಚ್ಚಿ, ಮೇಲೆ ಒದ್ದೆ ಹತ್ತಿಯಿಟ್ಟು, ತಲೆಯನ್ನು ಸ್ವಲ್ಪ ಎತ್ತರಿಸಿ, ಫ್ಯಾನನ್ನು ನಿಲ್ಲಿಸಬೇಕು. ವೃದ್ಧರೂ, ಕನ್ನಡಕ ಧರಿಸುವವರೂ, ಪೊರೆಯ ಶಸ್ತ್ರಚಿಕಿತ್ಸೆಯಾದವರೂ ಕೊಡಬಹುದು. ಮುಖ ವಿಕಾರವಾಗುವುದಿಲ್ಲ, ಸಮಾಧಿಯ ಯಾವ ವಿಧಿಗೂ ತಡೆಯಿಲ್ಲ. ಹೆಸರು ಬರೆಸಿದರಷ್ಟೇ ಸಾಲದು, ಮನೆಯವರೆಲ್ಲರಿಗೂ ಮುಂಚೆಯೇ ತಿಳಿಸಿರಬೇಕು. ಆ ಹೊತ್ತಿನಲ್ಲಿ ತೀರ್ಮಾನ ಮಾಡುವವರು ಅವರೇ.

ಸಮಾಧಿಯಲ್ಲಿ ಲಿಂಗವನ್ನು ನೋಡುವ ಕಣ್ಣು ಯಾವುದೆಂದು ಅಂದು ಕೇಳಿದ ಹಿರಿಯರಿಗೆ ಉತ್ತರ ನನಗೆ ತಡವಾಗಿ ಹೊಳೆಯಿತು. ಕಣ್ಣನ್ನು ಕೊಟ್ಟ ಬೇಡನಿಗೆ ಶಿವನು ಕಾಣದೆ ಹೋಗಲಿಲ್ಲ, ಕೊಟ್ಟದ್ದರಿಂದಲೇ ಕಂಡನು.

ಊರಿಗೆ ಮರಳಿದ ವಾರದೊಳಗೆ ನಾನು ಪ್ರತಿಜ್ಞಾಪತ್ರಕ್ಕೆ ಸಹಿ ಮಾಡಿದೆ. ಸಾಕ್ಷಿಯ ಸ್ಥಾನದಲ್ಲಿ ನನ್ನ ತಂಗಿ ಸಹಿ ಹಾಕಿದಳು. ಮೊಮ್ಮಗನಿಗೆ ಇನ್ನೂ ವಯಸ್ಸಾಗಿಲ್ಲ. ಆದರೆ ಹೊತ್ತು ಬಂದಾಗ ದೂರವಾಣಿ ಮಾಡುವ ಹೊಣೆ ತನ್ನದೆಂದು ಅವನು ಒಪ್ಪಿಕೊಂಡಿದ್ದಾನೆ.