ಬಲ್ಮಠದ ಗುಡ್ಡ

ಮಂಗಳೂರಿನ ಹಂಪನಕಟ್ಟೆಯಿಂದ ಪೂರ್ವಕ್ಕೆ ಏರುವ ದಾರಿ ಬಲ್ಮಠಕ್ಕೆ ಒಯ್ಯುತ್ತದೆ. ಬಾಸೆಲ್ ಮಿಷನ್ನಿನವರ ಈ ಹಳೆಯ ನೆಲೆಯಲ್ಲಿ ನಿಂತಾಗ ನಮಗೆ ಹರ್ಮನ್ ಮೋಗ್ಲಿಂಗರ ನೆನಪಾಯಿತು. ಜರ್ಮನಿಯಲ್ಲಿ ಹುಟ್ಟಿ 1836ರಲ್ಲಿ ಇಲ್ಲಿಗೆ ಬಂದ ಅವರು ಕನ್ನಡ ಕಲಿತು, 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದರು. ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು, ಹೆಚ್ಚು ಕಾಲ ಬಾಳಲಿಲ್ಲ. ಆದರೂ ನಾಡು ಆ ಜುಲೈ 1ನ್ನು ಪತ್ರಿಕಾ ದಿನವೆಂದು ಇಂದಿಗೂ ಆಚರಿಸುತ್ತಿದೆ.

ಮೋಗ್ಲಿಂಗರು ಬಂದುದು ತಮ್ಮ ಮತವನ್ನು ಸಾರಲೆಂದು. ಹಾಗಿದ್ದೂ ಭೀಮಕವಿಯ ಬಸವಪುರಾಣವನ್ನು ಅಚ್ಚಿಗೇರಿಸಿದರು. ಓಲೆಗರಿಗಳಲ್ಲಿದ್ದ ಶರಣರ ಕಥೆ ಮನೆಮನೆಗೆ ಬರಲು ಪರಮತದವರೊಬ್ಬರ ದುಡಿಮೆಯೂ ನೆರವಾಯಿತು. ಮತಭೇದವನ್ನು ಬದಿಗಿಟ್ಟು ಈ ಋಣವನ್ನು ನೆನೆಯುವುದು ಶರಣಧರ್ಮಕ್ಕೆ ಒಪ್ಪುವ ನಡೆ. ಮಂಗಳೂರಿಗೆ ಹೋಗುವ ಸದ್ಭಕ್ತರು ಮಕ್ಕಳೊಡನೆ ಈ ಗುಡ್ಡವನ್ನೂ ಏರಿ ಬರಲಿ.