ಆ ಮೂರು ವರ್ಷ ಯಾರ ಲೆಕ್ಕಕ್ಕೆ?

ಮಂಡಿನೋವೆಂದು ಹೋದವನ ಕೈಗೆ ಫಿಸಿಯೋಥೆರಪಿಯ ಹುಡುಗಿ ಎರಡು ಪುಟದ ಫಾರಂ ಕೊಟ್ಟು, "ನಿಧಾನಕ್ಕೆ ತುಂಬಿ ಸಾರ್, ನಾಳೆ ತಂದರೂ ಆಗುತ್ತೆ" ಎಂದಳು. ಮೂವತ್ತೈದು ವರ್ಷ ಹೈಸ್ಕೂಲು ಮಕ್ಕಳ ಮುಂದೆ ಲೆಕ್ಕದ ಪ್ರಶ್ನೆಪತ್ರಿಕೆ ಇಟ್ಟು ಮೀಸೆಯಡಿ ನಕ್ಕವನಿಗೆ ಅರವತ್ತೆಂಟರಲ್ಲಿ ಪ್ರತಿಫಲ. ಪ್ರಶ್ನೆಗಳೇನೋ ಐದೇ: ಓಡಾಟ, ಸ್ನಾನ ಮಾಡಿ ಬಟ್ಟೆ ತೊಡುವುದು, ದಿನದ ಕೆಲಸ, ನೋವು, ಮನಸ್ಸಿನ ಕಳವಳ. ಒಂದೊಂದಕ್ಕೂ, ಏನೂ ಇಲ್ಲ ಎಂಬುದರಿಂದ ವಿಪರೀತ ಎಂಬುದರವರೆಗೆ, ಐದು ಉತ್ತರ. ಇದರ ಹೆಸರು ಇಕ್ಯೂ-5ಡಿ ಅಂತೆ. 1987ರಲ್ಲಿ ಯೂರೋಪಿನ ಕೆಲವು ದೇಶಗಳ ಸಂಶೋಧಕರು ಕೂತು ಶುರುಮಾಡಿದ ಕೆಲಸದ ಫಲ. ಹಳೇ ಚಾಳಿ, ನಾನು ಉತ್ತರ ಬರೆಯುವ ಬದಲು ಅಂಚಿನಲ್ಲಿ ಐದರ ಐದನೆಯ ಘಾತ ಕಂಡುಹಿಡಿದೆ: 3125. ಅಂದರೆ ಮನುಷ್ಯನ ಆರೋಗ್ಯಕ್ಕೆ 3125 ಅವಸ್ಥೆಗಳು. ಪುರಾಣದವರು 84 ಲಕ್ಷ ಯೋನಿ ಎಂದಿದ್ದರು, ಅವರ ಮುಂದೆ ಇವರು ಸಂಯಮಿಗಳೇ.

ಫಾರಮ್ಮಿನ ಮೇಲೆ ಮೊದಲು ಕಣ್ಣಾಡಿಸಿದವಳು ನನ್ನಾಕೆ. ಐದನೆಯ ಪ್ರಶ್ನೆಗೆ ಬಂದು ನಿಂತಳು. "ಕಳವಳ ಅಂದ್ರೆ ನನ್ನದೊಂದೇ ಬರೀಬೇಕಾ, ಮನೇಲಿರೋರದ್ದೆಲ್ಲ ಸೇರಿಸಿಯಾ?"

ನಾನು ಸಿಕ್ಕಿಬಿದ್ದದ್ದು ಎರಡನೆಯ ಪುಟದಲ್ಲಿ. ಅಲ್ಲೊಂದು ಉದ್ದನೆಯ ಅಳತೆಕೋಲಿನ ಚಿತ್ರ. ಬುಡದಲ್ಲಿ 0, ತುದಿಯಲ್ಲಿ 100. ನೂರು ಎಂದರೆ ನೀವು ಊಹಿಸಿಕೊಳ್ಳಬಲ್ಲ ಅತ್ಯುತ್ತಮ ಆರೋಗ್ಯ. ಇವತ್ತು ನೀವೆಲ್ಲಿದ್ದೀರಿ, ಗುರುತು ಹಾಕಿ. ಸ್ಕೇಲಿನ ತುದಿಯನ್ನೇ ಅಳೆಯುವವನ ಊಹೆಗೆ ಬಿಟ್ಟರೆ ಅದೆಂಥ ಅಳತೆ ಎಂದು ನನಗೆ ಸಿಟ್ಟು ಬಂತು. ಆ ಕೋಲನ್ನು ಎಲ್ಲೋ ನೋಡಿದ್ದೇನಲ್ಲ ಎಂದೂ ಅನ್ನಿಸಿತು.

ನೆನಪಾಯಿತು. ಹಾಸನ ಜಿಲ್ಲೆಯ ನಮ್ಮೂರಿನ ಆಸ್ಪತ್ರೆಯಲ್ಲಿ ಕಾಂಪೌಂಡರು ಕೊಡುತ್ತಿದ್ದ ಗುಲಾಬಿ ಬಣ್ಣದ ಮಿಕ್ಸ್ಚರು. ಬಾಟಲಿ ನಾವೇ ಒಯ್ಯಬೇಕು. ಅದರ ಹೊಟ್ಟೆಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದರು, ಒಂದು ಹಲ್ಲಿಗೆ ಒಂದು ಡೋಸು. ಪಟ್ಟಿ ಇಳಿದಂತೆ ಜ್ವರವೂ ಇಳಿಯುತ್ತಿತ್ತು, ಅದೇ ನನ್ನ ದುಃಖ. ಯಾಕೆಂದರೆ ನಮ್ಮ ಮನೆಗೆ ಬ್ರೆಡ್ಡು ಬರುತ್ತಿದ್ದುದು ಯಾರಿಗಾದರೂ ಜ್ವರ ಬಂದಾಗ ಮಾತ್ರ. ಹಾಲಲ್ಲಿ ಅದ್ದಿದ ಬ್ರೆಡ್ಡು, ಬಿಡಿಸಿದ ಕಿತ್ತಳೆ, ಹಣೆಯ ಮೇಲೆ ಅಮ್ಮನ ಕೈ, ಶಾಲೆಗೆ ಚಕ್ಕರ್. ಆಗ ಯಾರಾದರೂ ಈ ಕೋಲು ಮುಂದೆ ಹಿಡಿದಿದ್ದರೆ ಜ್ವರದ ದಿನಕ್ಕೇ ನೂರು ಹಾಕುತ್ತಿದ್ದೆ. ಆರೋಗ್ಯವಾಗಿರುವುದೆಂದರೆ ಮಗ್ಗಿ ಒಪ್ಪಿಸುವುದು.

ಇಪ್ಪತ್ತೆರಡರಲ್ಲಿ ಆರೋಗ್ಯ ತಲೆಗೂದಲಲ್ಲಿತ್ತು. ಬಾಚಣಿಗೆಯಲ್ಲಿ ಉದುರಿದ್ದನ್ನು ಎಣಿಸುತ್ತಿದ್ದೆ. ಉಳಿದ ದೇಹದ ಮೇಲೆ ಗಮನವೇ ಇರಲಿಲ್ಲ, ಅದು ಬಾಡಿಗೆ ಸೈಕಲ್ಲಿನಂತೆ, ತುಳಿದರೆ ಓಡುತ್ತಿತ್ತು. ಕೆಂಪು ಬಸ್ಸಿನ ಹಿಂದಿನ ಸೀಟಿನಲ್ಲಿ ರಾತ್ರಿಯಿಡೀ ಕುಣಿದು ಬಂದು ಬೆಳಿಗ್ಗೆ ಮೊದಲ ಪೀರಿಯಡ್ಡು ತೆಗೆದುಕೊಂಡದ್ದುಂಟು. ಈಗ ಹಾಗೆ ಬಂದರೆ ನನ್ನನ್ನು ಇಳಿಸಲು ಕಂಡಕ್ಟರ ಜೊತೆ ಇನ್ನಿಬ್ಬರು ಬೇಕು. ನಲವತ್ತು, ಐವತ್ತು ಹೇಗೆ ಹೋದವೋ ಗೊತ್ತಿಲ್ಲ. ಮನೆಸಾಲದ ಕಂತು ಕಟ್ಟುವವನಿಗೆ ಕಾಯಿಲೆ ಬೀಳಲು ರಜೆ ಇರಲಿಲ್ಲ.

ಆ ಭಾನುವಾರ ಬೆಂಗಳೂರಿನಿಂದ ಮಗ ಬಂದಿದ್ದ. ಫಾರಂ ಅವನ ಮುಂದಿಟ್ಟೆ. ಮೂವತ್ತೈದು ವಯಸ್ಸು, ಕಲ್ಲು ತಿಂದು ಕರಗಿಸುವ ಶರೀರ. ಪೆನ್ಸಿಲ್ಲು ಹಿಡಿಯುವ ಮುಂಚೆ ಮಣಿಕಟ್ಟು ನೋಡಿಕೊಂಡ. "ರಾತ್ರಿ ಗಾಢ ನಿದ್ದೆ ನಲವತ್ತೇ ನಿಮಿಷ ಅಂತ ತೋರಿಸ್ತಿದೆ ಅಪ್ಪ" ಎಂದು 55ಕ್ಕೆ ಗೀಟು ಹಾಕಿದ. ಗೊರಕೆ ಹೊಡೆದದ್ದನ್ನು ನಾವೆಲ್ಲ ಕೇಳಿದ್ದೆವು, ಆದರೆ ಗಡಿಯಾರದ ಸಾಕ್ಷಿಯ ಮುಂದೆ ನಮ್ಮದು ನಿಲ್ಲಲಿಲ್ಲ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆಗದಿದ್ದರೆ ಅವನು ಊಟವಾದ ಮೇಲೆ ಹಾಲಿನಲ್ಲೇ ಗಾಣದೆತ್ತಿನಂತೆ ಸುತ್ತುತ್ತಾನೆ. ಆ ಹತ್ತು ಸಾವಿರ ಯಾವ ವೈದ್ಯರ ಅಪ್ಪಣೆಯಿಂದ ಹುಟ್ಟಿದ್ದೂ ಅಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರೇ 'ಹತ್ತು ಸಾವಿರ ಹೆಜ್ಜೆಯ ಮೀಟರು'. ಇದನ್ನು ಹೇಳಿದೆ. "ಇರಬಹುದು ಅಪ್ಪ" ಎಂದು ಇನ್ನೊಂದು ಸುತ್ತು ಹಾಕಿದ. ಏಳು ವರ್ಷದ ಮೊಮ್ಮಗಳು ಮಾತ್ರ ಫಾರಂ ಕಡೆ ತಿರುಗಿಯೂ ನೋಡಲಿಲ್ಲ. ಮೊಣಕಾಲಿನ ಹೆಕ್ಕಳೆಗಟ್ಟಿದ ಗಾಯವನ್ನು ಎಲ್ಲರಿಗೂ ತೋರಿಸಿ, ಹೇಗೆ ಬಿದ್ದೆ, ರಕ್ತ ಎಷ್ಟು ಬಂತು ಎಂದು ಬಳೆ ತೋರಿಸುವ ಹೆಮ್ಮೆಯಲ್ಲಿ ವಿವರಿಸುತ್ತಿದ್ದಳು.

ನಾನು ನಡೆಯುವುದು ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಊರಾಚೆಯ ಹೊಲಗದ್ದೆಗೆಂದು ಕಟ್ಟಿದ ಕೆರೆ. ಈಗ ಅದರ ಫಲಾನುಭವಿಗಳು ಹೆಜ್ಜಾರ್ಲೆಗಳು ಮತ್ತು ಮಧುಮೇಹಿಗಳು. ಕುವೆಂಪು ಇದೇ ದಾರಿಯಲ್ಲಿ ನಡೆಯುತ್ತಿದ್ದರು ಎಂದು ಹೊಸಬರಿಗೆಲ್ಲ ನಾವು ತಪ್ಪದೆ ಹೇಳುತ್ತೇವೆ. ಅವರು ನಡೆಯುತ್ತ ಕಾವ್ಯ ಕಟ್ಟಿರಬಹುದು, ನಾವು ಮೂರು ತಿಂಗಳ ಸಕ್ಕರೆಯ ಸರಾಸರಿ ಮಾತಾಡುತ್ತೇವೆ. "ನಂದು 6.8." "ನಂದು 7.4, ಮಗಳ ಮದುವೆ ಇತ್ತಲ್ಲ." ಹಿಂದೆ ಮಕ್ಕಳ ಎಸ್ಸೆಸ್ಸೆಲ್ಸಿ ಅಂಕ ಹೇಳುತ್ತಿದ್ದ ಬಾಯಿಗಳೇ ಇವು, ಈಗ ಕಡಿಮೆ ಬಂದವನಿಗೆ ರ‍್ಯಾಂಕು. ನಡಿಗೆ ಮುಗಿಸಿ ಆ ರ‍್ಯಾಂಕಿನ ಸಂತೋಷಕ್ಕೆ ಮಸಾಲೆ ದೋಸೆ. ಇದು ಅರವತ್ತರಿಂದ ಎಪ್ಪತ್ತೈದರವರ ಬೆಂಚು. ಇನ್ನೂ ಮುಂದಿನ ಬೆಂಚಿನವರು ಅಂಕಿಸಂಖ್ಯೆಯೆಲ್ಲ ಬಿಟ್ಟಿದ್ದಾರೆ. ಅಲ್ಲಿ ಎರಡೇ ಪ್ರಶ್ನೆ: ನಿದ್ದೆ ಬಂತಾ? ಹೊಟ್ಟೆ ಹೋಯ್ತಾ? ಎರಡಕ್ಕೂ ಹೌದೆಂದವನನ್ನು ಉಳಿದವರು ಲಾಟರಿ ಹೊಡೆದವನನ್ನು ನೋಡುವಂತೆ ನೋಡುತ್ತಾರೆ.

ಆ ಬೆಂಚಿನಲ್ಲಿ ರೈಲ್ವೆಯಿಂದ ನಿವೃತ್ತರಾದ ಒಬ್ಬರಿದ್ದರು. ಒಂದು ಕಾಲದಲ್ಲಿ ನಮ್ಮನ್ನೆಲ್ಲ ಹಿಂದೆ ಹಾಕಿ ಎಕ್ಸ್‌ಪ್ರೆಸ್ಸಿನಂತೆ ಹೋಗುತ್ತಿದ್ದವರು. ಪಾರ್ಶ್ವವಾಯು ಬಡಿದ ಮೇಲೆ ಗೇಟಿನಿಂದ ಬೆಂಚಿನವರೆಗೆ ಬರಲು ಕಾಲು ಗಂಟೆ. "ಹೇಗಿದ್ದೀರಿ ಸಾರ್?" ಎಂದರೆ, "ಫಸ್ಟ್ ಕ್ಲಾಸ್." ಬಾಯಿಮಾತಿಗೆ ಹಾಗನ್ನುತ್ತಾರೆ ಎಂದುಕೊಂಡಿದ್ದೆ. ನಮ್ಮಕ್ಕನ ಮಗ ಇಂಥದ್ದನ್ನೇ ಓದಿಕೊಂಡವನು, ಅವನು ಹೇಳಿದ: ಗಟ್ಟಿಮುಟ್ಟಾದವರು ಒಂದು ಕಾಯಿಲೆಯನ್ನು ಊಹಿಸಿಕೊಂಡು ಕೊಡುವ ಅಂಕಕ್ಕಿಂತ ಅದನ್ನು ಅನುಭವಿಸುತ್ತಿರುವವರು ಕೊಡುವ ಅಂಕ ಸಾಮಾನ್ಯವಾಗಿ ಹೆಚ್ಚಂತೆ. ಅವರ ನೂರು ಬೆಂಚಿನ ಹತ್ತಿರಕ್ಕೇ ಸರಿದು ಬಂದಿತ್ತೋ ಏನೋ. ಹೋದ ಕಾರ್ತೀಕದಿಂದ ಅವರು ಬರುತ್ತಿಲ್ಲ. ಆ ಜಾಗದಲ್ಲಿ ಯಾರೂ ಕೂರುವುದಿಲ್ಲ, ಛತ್ರಿ ಇಡುತ್ತೇವೆ.

ಅಕ್ಕನ ಮಗನ ಶಾಸ್ತ್ರ ಅಲ್ಲಿಗೆ ನಿಲ್ಲಲಿಲ್ಲ. ಪೂರ್ಣ ಆರೋಗ್ಯದ ಒಂದು ವರ್ಷಕ್ಕೆ 1, ಸಾವಿಗೆ 0, ನಡುವಿನ ಅವಸ್ಥೆಗಳಿಗೆ ದಶಾಂಶ. ಕೆಲವು ಅವಸ್ಥೆಗಳಿಗೆ ಸೊನ್ನೆಗಿಂತ ಕೆಳಗೆ, ಋಣಸಂಖ್ಯೆ. ಆ ದಶಾಂಶ ಕಂಡುಹಿಡಿಯಲು ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಜಾರ್ಜ್ ಟಾರೆನ್ಸ್ ಮತ್ತು ಸಂಗಡಿಗರು 1972ರಲ್ಲಿ ಒಂದು ಚೌಕಾಸಿಯ ವಿಧಾನ ಕೊಟ್ಟರಂತೆ. ನೋವಿನ ಜೊತೆ ಹತ್ತು ವರ್ಷ ಬೇಕೋ, ನೋವಿಲ್ಲದೆ ಅದಕ್ಕಿಂತ ಕಡಿಮೆ ವರ್ಷ ಬೇಕೋ? ಏಳು ವರ್ಷ ಸಾಕು ಎಂದು ನೀವು ಒಪ್ಪಿದರೆ ನಿಮ್ಮ ನೋವಿನ ಬದುಕಿನ ಬೆಲೆ 0.7. ಲೆಕ್ಕ ಶುದ್ಧವಾಗಿದೆ. ನನಗೆ ತುಂಬ ಹಿಡಿಸಿತು.

ಹಿಡಿಸಿದ್ದನ್ನು ಅಮ್ಮನ ಮೇಲೆ ಪ್ರಯೋಗಿಸಿದ್ದು ತಪ್ಪಾಯಿತು. ಅಮ್ಮನಿಗೆ ಎಂಬತ್ತೆಂಟು. ಅವಳು ಹುಟ್ಟಿದ ಕಾಲದಲ್ಲಿ ಈ ದೇಶದವರ ಸರಾಸರಿ ಆಯುಸ್ಸು 32ರ ಆಸುಪಾಸು. ಆ ಲೆಕ್ಕದಲ್ಲಿ ಅವಳು ಬಡ್ಡಿಯ ಬಡ್ಡಿಯಲ್ಲಿ ಬದುಕುತ್ತಿರುವವಳು. ಯುಗಾದಿಗೆ ಬೇವುಬೆಲ್ಲ ತಿನ್ನುವಾಗ ನಾವೆಲ್ಲ ನೂರು ವರ್ಷವನ್ನೂ ವಜ್ರದಂಥ ದೇಹವನ್ನೂ ಒಟ್ಟಿಗೆ ಕೇಳುತ್ತೇವೆ. ಅಮ್ಮ ಈಚೆಗೆ ಕೇಳುವುದು ಎರಡು ಮಾತ್ರ: ಇರುವಷ್ಟು ದಿನ ಯಾರ ಮುಂದೂ ಕೈಚಾಚದಂತಿರಲಿ, ಹೋಗುವಾಗ ಒದ್ದಾಡಿಸಬೇಡ. ಹಾಸಿಗೆ ಹಿಡಿಯುವುದಕ್ಕೆ ಅವಳೂ ಎಂದೋ ಋಣಸಂಖ್ಯೆ ಕೊಟ್ಟಿದ್ದಾಳೆ, ಕೆನಡಾಕ್ಕೆ ತಿಳಿಸಿಲ್ಲ ಅಷ್ಟೆ.

ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದಳು. ಜೋರಾಗಿ ಕೇಳಿದೆ. "ಅಮ್ಮಾ, ಈ ಸೊಂಟನೋವು ಇಟ್ಕೊಂಡು ಹತ್ತು ವರ್ಷ ಬೇಕಾ, ನೋವಿಲ್ಲದೆ ಏಳು ವರ್ಷ ಬೇಕಾ?"

"ಯಾವನೋ ಹಾಗೆ ಕೊಡೋನು?"

"ಕೊಡ್ತಾರೆ ಅಂತ ಇಟ್ಕೋ."

ಸ್ವಲ್ಪ ಹೊತ್ತು ಕಾಯಿ ಮುರಿದಳು. "ಮಿಕ್ಕ ಮೂರು ವರ್ಷ ಯಾರಿಗೆ ಹೋಗುತ್ತೆ?"

ಟಾರೆನ್ಸ್ ವಿಧಾನದಲ್ಲಿ ಇದಕ್ಕೆ ಉತ್ತರವಿಲ್ಲ. ಯಾರಿಗೂ ಹೋಗಲ್ಲ ಎಂದೆ. ಅವಳಿಗೆ ಅದು ತೀರ ಅನ್ಯಾಯವೆನಿಸಿತು. ತಂಗಳನ್ನವನ್ನೂ ಚಿತ್ರಾನ್ನ ಮಾಡಿ ಉಳಿಸುವವಳು. "ಸುಮ್ಮನೆ ಚೆಲ್ಲೋದಾ? ಹಾಗಾದ್ರೆ ನಂಗೆ ನೋವೇ ಇರಲಿ" ಎಂದಳು. ಆಮೇಲೆ ನನ್ನ ಕಡೆ ನೋಡದೆ, "ನಿಮ್ಮಪ್ಪಂಗಾದ್ರೂ ಕೊಡೋ ಹಾಗಿದ್ದಿದ್ರೆ ಒಂದು ಮಾತು" ಎಂದಳು.

ಅಪ್ಪ ಪೋಸ್ಟ್ ಮಾಸ್ಟರು. 1983ರಲ್ಲಿ, ನಿವೃತ್ತಿಗೆ ಏಳು ತಿಂಗಳಿರುವಾಗ ಹೋದರು. ಇಡೀ ಊರಿನವರ ಪಿಂಚಣಿಯ ಮನಿಯಾರ್ಡರು ಎಣಿಸಿ ಕೊಟ್ಟವರಿಗೆ ತಮ್ಮದೊಂದು ಕಂತು ಎಣಿಸುವ ಯೋಗವಿರಲಿಲ್ಲ. ಅವರ ಆರೋಗ್ಯ ಹೇಗಿತ್ತೆಂದು ನಾನು ಒಮ್ಮೆಯೂ ಕೇಳಿದ ನೆನಪಿಲ್ಲ. ಆಗ ನನಗೆ ಇಪ್ಪತ್ತಾರು, ಕೂದಲು ಎಣಿಸುವುದರಲ್ಲಿದ್ದೆ.

ಮಾತು ತಿರುಗಿಸಲು ಕೋಲಿನ ಚಿತ್ರ ತೋರಿಸಿದೆ. ಕನ್ನಡಕ ಹಣೆಗೇರಿಸಿ ಕಣ್ಣಿಗೆ ಹತ್ತಿರ ಹಿಡಿದಳು. "ಮಿಕ್ಸ್ಚರ್ ಬಾಟ್ಲಿ ಕಾಗದ ಇದ್ದ ಹಾಗಿದೆ" ಎಂದಳು. ನನಗಿಂತ ಬೇಗ ಗುರುತು ಹಿಡಿದಿದ್ದಳು.

"ನಿಂಗೆಷ್ಟು ಹಾಕಲಿ?"

"ನೀನೆಷ್ಟು ಹಾಕ್ಕೊಂಡಿದೀಯ?"

"ಅರವತ್ತೈದು."

"ಅಷ್ಟೇನಾ?" ಕೈಯಲ್ಲಿದ್ದ ಹುರುಳಿಕಾಯಿ ಕೆಳಗಿಟ್ಟಳು. ನನ್ನ ಮಂಡಿಯ ಮೇಲೆ ಕೈಯಿಟ್ಟು, ಜ್ವರ ನೋಡುವ ಹಾಗೆ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಳು. "ಎಷ್ಟಾದ್ರೂ ಹಾಕ್ಕೋ. ನಂದು ನಿನಗಿಂತ ಒಂದು ಕಮ್ಮಿ ಇರಲಿ."

ರಬ್ಬರು ತೆಗೆದುಕೊಂಡು ನನ್ನ ಅರವತ್ತೈದನ್ನು ಅಳಿಸಿ 90 ಮಾಡಿದೆ. ಅವಳಿಗೆ 89ಕ್ಕೆ ಗೀಟು ಎಳೆದೆ.

ಮಾರನೆಯ ದಿನ ಫಿಸಿಯೋಥೆರಪಿಯ ಹುಡುಗಿ ಫಾರಮ್ಮನ್ನೂ ನನ್ನ ಕುಂಟುನಡಿಗೆಯನ್ನೂ ಬಾರಿಬಾರಿ ನೋಡಿದಳು. "ತೊಂಬತ್ತಾ ಸಾರ್?"

"ಹೌದಮ್ಮ. ಇನ್ನೂ ಒಂದೆರಡು ಸೇರಿಸೋಕಾಗುತ್ತಾ?" ಎಂದೆ.